ಕೋವಿ ಕಾನೂನು ಇನ್ನೂ ಬಿಗಿಯಾಗಬೇಕೆ? ಬಿಗಿಯುವುದಾದರೆ ಯಾವ ತಿರುಪನ್ನು?

ಅಡಿಕೆಸೋಗೆ

ಮತ್ತೆ ಅದೇ ಜಗಳ ಶುರುವಾಗಿದೆ. ಬೆಳೆರಕ್ಷಣೆಗೆ ಕೋವಿ ಲೈಸೆನ್ಸ್ ಕೊಡೋದನ್ನೇ ನಿಲ್ಲಿಸಿ ಅಂತ ಒಂದು ಕಡೆಯವರು. ಹಂದಿ, ಮಂಗನ ಕಾಟಕ್ಕೆ ತೋಟ ಉಳೀತಿಲ್ಲ, ಅರ್ಜಿ ಹಾಕಿದವರಿಗೆಲ್ಲ ಕೊಡಿ ಅಂತ ಇನ್ನೊಂದು ಕಡೆಯವರು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರ ಹತ್ತಿರ ಇರಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಶಿಕ್ಷೆಯೂ ಏರಿತು. ಇದಕ್ಕಿಂತ ಬಿಗಿ ಬೇಕಾ? ಬೇಕಾದರೆ ಎಲ್ಲಿ? ಕಾಯ್ದೆ ಓದಿಕೊಂಡವರು, ಕೋವಿಯ ಒಳಹೊರಗು ಬಲ್ಲವರು ಬರೆಯಿರಿ. ಅಮೆರಿಕದ ಸುದ್ದಿ ತಂದು ಅಂಟಿಸೋದು ಬೇಡ. ಅಲ್ಲಿ ಕೋವಿ ಇಟ್ಟುಕೊಳ್ಳೋದು ಸಂವಿಧಾನ ಕೊಟ್ಟ ಹಕ್ಕು, ಇಲ್ಲಿ ಸರ್ಕಾರ ಕೊಟ್ಟ ಅನುಮತಿ. ಎರಡನ್ನೂ ಕಲಸಿದರೆ ಚರ್ಚೆ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ.

ಕಲಂ ಹದಿಮೂರು

ಕಾಯ್ದೆಯಿಂದಲೇ ಶುರು ಮಾಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಕೊಡುವ ಅಧಿಕಾರ ಜಿಲ್ಲೆಗಳಲ್ಲಿ ಡಿ.ಸಿ.ಯದ್ದು, ಬೆಂಗಳೂರು, ಮೈಸೂರಿನಂಥ ಕಡೆ ಪೊಲೀಸ್ ಕಮಿಷನರದ್ದು. 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಇದಕ್ಕೆ ಸುರಕ್ಷತಾ ತರಬೇತಿ, ವೈದ್ಯಕೀಯ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವಿಷ್ಟನ್ನೂ ಸೇರಿಸಿದವು.

ಆದರೆ ಯಾರೂ ಓದದ ಒಂದು ಸಾಲು 13(3)ರಲ್ಲಿದೆ. ಎರಡು ಬಗೆಯ ಕೋವಿಗೆ ಕಾಯ್ದೆ "ಕೊಡತಕ್ಕದ್ದು" ಅನ್ನುತ್ತದೆ, "ಕೊಡಬಹುದು" ಅನ್ನುವುದಿಲ್ಲ. ಒಂದು, ಆತ್ಮರಕ್ಷಣೆಗೋ ಕ್ರೀಡೆಗೋ ಬೇಕಾದ, ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ಗೀರಿಲ್ಲದ, ಅಂದರೆ ನಯನಳಿಗೆಯ ಕೋವಿ. ಇನ್ನೊಂದು, ನಿಜವಾದ ಬೆಳೆರಕ್ಷಣೆಗೆ ಬೇಕಾದ, ಬಾಯಿಂದ ಮದ್ದು ತುಂಬುವ ಕೋವಿ, ಅಂದರೆ ಕೇಪು ಕೋವಿ. ರೈಫಲ್ ಕ್ಲಬ್ ಸದಸ್ಯರ ಗುರಿ ಅಭ್ಯಾಸದ್ದು ಬಿಟ್ಟರೆ, ಪಿಸ್ತೂಲು, ರೈಫಲ್‌ಗೆ "ಸಾಕಷ್ಟು ಕಾರಣ" ಇದೆಯೇ ಎಂದು ಅಧಿಕಾರಿ ತೂಗಿ ನೋಡಬೇಕು. 14ನೇ ಕಲಂ ಅಡಿ ನಿರಾಕರಿಸಬಹುದು, ಆದರೆ ಆಸ್ತಿ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಆಗದು. ನಿರಾಕರಣೆಯ ವಿರುದ್ಧ 18ನೇ ಕಲಂ ಅಡಿ ಮೇಲ್ಮನವಿ ಇದೆ.

ಹಾಗಾಗಿ "ಬೆಳೆರಕ್ಷಣೆ ಲೈಸೆನ್ಸ್ ನಿಲ್ಲಿಸಿ" ಅನ್ನುವವರು ಡಿ.ಸಿ.ಗೆ ಮನವಿ ಕೊಟ್ಟು ಪ್ರಯೋಜನವಿಲ್ಲ. ಅದಕ್ಕೆ ಸಂಸತ್ತೇ ಕಾಯ್ದೆ ತಿದ್ದಬೇಕು.

ಜೋಡಿನಳಿಗೆ

ಆ 13(3)ರಲ್ಲೇ ತಪ್ಪಿದೆ, ಯಾರೂ ಮಾತಾಡಲ್ಲ ಅಷ್ಟೆ. ಕೇಪು ಕೋವಿ ಹಳೇ ಕಾಲದ್ದು, ನಿಧಾನದ್ದು, ಹಾಗಾಗಿ ಅಪಾಯ ಕಡಿಮೆ ಅಂತ ಕಾಯ್ದೆ ಲೆಕ್ಕ ಹಾಕಿದೆ. ಒಂದು ಗುಂಡು ಹೊಡೆದ ಮೇಲೆ ಇನ್ನೊಂದಕ್ಕೆ ಒಂದು ನಿಮಿಷವಾದರೂ ಬೇಕು, ಅಷ್ಟರ ಮಟ್ಟಿಗೆ ಲೆಕ್ಕ ಸರಿ. ಮನೆಯೊಳಗಿನ ಅಪಾಯದ ಲೆಕ್ಕ ಮಾತ್ರ ಪೂರಾ ಉಲ್ಟಾ.

ಜೋಡಿನಳಿಗೆ ತೋಟಾಕೋವಿಯನ್ನು ಮಡಚಿದರೆ ಎರಡು ಸೆಕೆಂಡಿನಲ್ಲಿ ತೋಟಾ ಕೈಗೆ ಬರುತ್ತೆ. ಖಾಲಿಯೋ ತುಂಬಿದೆಯೋ ಅಂತ ಮಗುವೂ ಕಣ್ಣಲ್ಲಿ ನೋಡಿ ಹೇಳಬಹುದು. ಕೇಪು ಕೋವಿಯಲ್ಲಿ ಮದ್ದು, ಅದರ ಮೇಲೆ ನಾರು, ಚರೆ (ಸೀಸದ ಸಣ್ಣ ಗುಂಡು), ಮತ್ತೆ ನಾರು, ಇಷ್ಟನ್ನೂ ಗಜದಿಂದ (ಉದ್ದನೆಯ ಸರಳಿನಿಂದ) ಕುಟ್ಟಿ ತಳ ಸೇರಿಸಿರುತ್ತಾರೆ. ಅದನ್ನು ಹೊರತೆಗೆಯೋದಕ್ಕೆ ಇರೋದು ಎರಡೇ ದಾರಿ: ಹಾರಿಸೋದು, ಇಲ್ಲಾ ಗಜದ ತುದಿಗೆ ತಿರುಪು ಹಾಕಿ ನಾರನ್ನು ಕೆರೆದು ತೆಗೆಯೋದು. ಎರಡನೆಯದು ತಾಳ್ಮೆಯ ಕೆಲಸ, ಯಾರೂ ಮಾಡಲ್ಲ. ರಾತ್ರಿ ಹಂದಿ ಬರಲಿಲ್ಲ ಅಂದರೆ ತುಂಬಿದ ಕೋವಿ ಹಾಗೇ ಮೂಲೆ ಸೇರುತ್ತೆ. ವಾರ ಕಳೆದ ಮೇಲೆ ತುಂಬಿದ್ದೇ ಮರೆತಿರುತ್ತೆ.

ಆಮೇಲೆ ಆಗೋದು ಮೂರು.

ಮೊದಲನೆಯದು, ಕೇಪು (ಕಿಡಿ ಕೊಡುವ ಸಣ್ಣ ಟೋಪಿ) ತೆಗೆಯದೆ ಕುದುರೆ (ಅದರ ಮೇಲೆ ಬಡಿಯುವ ಸುತ್ತಿಗೆ) ಇಳಿಸಿಟ್ಟಿರೋದು. ಕುದುರೆಯ ಮೂತಿ ನೇರ ಕೇಪಿನ ಮೇಲೆ ಕೂತಿರುತ್ತೆ. ಕೋವಿ ಜಾರಿ ಬಿದ್ದು ಕುದುರೆಗೆ ಹೊರಗಿಂದ ಏಟು ತಗುಲಿದರೆ ಸಾಕು, ಟ್ರಿಗರ್ ಮುಟ್ಟೋದೇ ಬೇಡ. ಅರ್ಧ ಏರಿಸಿ ಇಡೋಣ ಅಂದರೆ, ಹಳೇ ಕೋವಿಗಳಲ್ಲಿ ಆ ಅರ್ಧದ ಕಚ್ಚು ಸವೆದಿರುತ್ತೆ, ಹಿಡಿಯಲ್ಲ. ಕೇಪು ತೆಗೆದು ಬೇರೆ ಕಡೆ ಇಡೋದೊಂದೇ ಮದ್ದು.

ಎರಡನೆಯದು, ತುಂಬಿದ್ದರ ಮೇಲೆ ಮತ್ತೆ ತುಂಬೋದು. ಒತ್ತಡ ವಿಪರೀತ ಏರಿ ನಳಿಗೆ ಬುಡದಲ್ಲಿ ಸೀಳುತ್ತೆ, ಹಾರಿಸಿದವನ ಎಡಗೈ, ಕಣ್ಣು ಹೋಗುತ್ತೆ. ಇದನ್ನು ತಪ್ಪಿಸೋಕೆ ಖರ್ಚಿಲ್ಲದ ಉಪಾಯ ಒಂದಿದೆ. ಖಾಲಿ ನಳಿಗೆಗೆ ಗಜ ಇಳಿಬಿಟ್ಟು, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಒಂದು ಗೀರು ಹಾಕೋದು. ಮುಂದೆ ಯಾವಾಗ ಗಜ ಇಳಿಬಿಟ್ಟರೂ ಆ ಗೀರು ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಂತರೆ ಒಳಗೆ ಮದ್ದಿದೆ ಅಂತ ಅರ್ಥ. ಬಾಯೊಳಗೆ ಇಣುಕಿ ನೋಡೋ ಮೂರ್ಖತನ ಬೇಡ.

ಮೂರನೆಯದು, ತಡವಾಗಿ ಹತ್ತೋದು. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತೆ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಕೇಪು ಕೂರಿಸೋ ನಿಪ್ಪಲ್‌ನ ತೂತು ತುಕ್ಕು ಕಟ್ಟಿ ಮುಚ್ಚಿರುತ್ತೆ. ಕೇಪು ಸಿಡಿಯುತ್ತೆ, ಕೋವಿ ಹಾರಲ್ಲ. "ಟುಸ್ ಅಂತು" ಅಂತ ತಕ್ಷಣ ತಿರುಗಿಸಿ ನೋಡೋ ಹೊತ್ತಿಗೆ ಒಳಗೆ ಕನಲುತ್ತಿದ್ದ ಮದ್ದು ಹತ್ತುತ್ತೆ. ಕೇಪು ಸಿಡಿದೂ ಹಾರದಿದ್ದರೆ ಕನಿಷ್ಠ ಒಂದು ನಿಮಿಷ ನಳಿಗೆಯನ್ನು ಜನ ಇಲ್ಲದ ಕಡೆಗೆ ಹಿಡಿದೇ ನಿಲ್ಲಬೇಕು.

ರೈತನ ಕೈಗೆ ಕೋವಿ ಕೊಡೋದೇ ಆದರೆ ಹಿಂದಿನಿಂದ ತೋಟಾ ಹಾಕುವ ಒಂಟಿನಳಿಗೆ ಕೊಡೋದು ವಾಸಿ. ಬಿಗಿ ಮಾಡುವ ಹೆಸರಲ್ಲಿ ಹೆಚ್ಚು ಅಪಾಯದ ಕೋವಿಯನ್ನೇ ಮನೆಗೆ ಕಳಿಸ್ತಿದ್ದೇವೆ.

ಕಲಂ ಹದಿಮೂರು

ಒಪ್ಪುವ ಮಾತು. ಅದಕ್ಕೆ ದಾರಿ ಅದೇ ಕಲಮಿನಲ್ಲೇ ಇದೆ. ಸ್ಥಳದ ಪರಿಸ್ಥಿತಿ ನೋಡಿ ಕೇಪು ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆರಕ್ಷಣೆಗೆ ಬೇರೆ ನಯನಳಿಗೆಯ ಕೋವಿ ಕೊಡಬಹುದು. ಅರ್ಜಿಯಲ್ಲಿ "ಹಂದಿ ಕಾಟ" ಎಂದು ಎರಡು ಪದ ಬರೆದರೆ ಮನವರಿಕೆ ಹೇಗಾದೀತು? ಪಹಣಿ, ಬೆಳೆನಷ್ಟದ ಬಗ್ಗೆ ಅರಣ್ಯ ಇಲಾಖೆಗೆ ಹಿಂದೆ ಕೊಟ್ಟ ಅರ್ಜಿಗಳ ಸ್ವೀಕೃತಿ, ಸರ್ವೆ ನಂಬರ್ ಕಾಡಂಚಿಗೆ ಎಷ್ಟು ದೂರ ಎಂಬುದು ಇದ್ದರೆ ಕಡತಕ್ಕೆ ತೂಕ ಬರುತ್ತದೆ.

ಹುಲ್ಲುಬನ್ನಿ

ಎಲ್ಲರೂ ಕೋವಿ ಯಾವುದು ಅಂತ ಮಾತಾಡ್ತಿದ್ದೀರಿ. ಅದರಿಂದ ಏನನ್ನು ಹೊಡೆಯಬಹುದು ಅಂತ ಯಾರೂ ಕೇಳಲಿಲ್ಲ.

ಬೆಳೆರಕ್ಷಣೆ ಲೈಸೆನ್ಸ್ ಅಂದರೆ ಪ್ರಾಣಿ ಕೊಲ್ಲುವ ಅನುಮತಿ ಅಲ್ಲ. ಅದು ಕೋವಿ ಇಟ್ಟುಕೊಳ್ಳೋ ಅನುಮತಿ. ಕೊಲ್ಲೋದನ್ನು ಹಿಡಿದಿರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು 11ನೇ ಕಲಂ ಅಡಿ ಅಧಿಕೃತ ಅರಣ್ಯಾಧಿಕಾರಿ ಲಿಖಿತವಾಗಿ, ಕಾರಣ ಬರೆದು ಅನುಮತಿ ಕೊಡಬೇಕು. ನಮ್ಮ ಕಡೆಯ ಮಾಮೂಲಿ ಮಂಗ, ನವಿಲು, ಆನೆ ಮೊದಲನೇ ಅನುಸೂಚಿ. ಅವುಗಳ ವಿಷಯದಲ್ಲಿ ಬೆಳೆನಷ್ಟ ಅನ್ನೋದು ಕಾರಣವೇ ಅಲ್ಲ. ಮನುಷ್ಯನ ಜೀವಕ್ಕೆ ಅಪಾಯವಿರಬೇಕು, ಅಥವಾ ಪ್ರಾಣಿ ವಾಸಿಯಾಗದಷ್ಟು ಗಾಯಗೊಂಡೋ ರೋಗ ಬಂದೋ ಇರಬೇಕು. ಅನುಮತಿಯೂ ಮುಖ್ಯ ವನ್ಯಜೀವಿ ಪರಿಪಾಲಕರದ್ದೇ ಆಗಬೇಕು.

ಇನ್ನೊಂದು, ಅದೇ ಕಾಯ್ದೆಯ 34ನೇ ಕಲಂ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಕೋವಿ ಇಟ್ಟುಕೊಂಡವರು ತಮ್ಮ ಹೆಸರನ್ನು ವನ್ಯಜೀವಿ ವಿಭಾಗದಲ್ಲಿ ನೋಂದಾಯಿಸಬೇಕು, ಅಲ್ಲಿ ಹೊಸ ಲೈಸೆನ್ಸ್‌ಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಮಲೆನಾಡಿನ ನಕಾಶೆ ಮೇಲೆ ಪ್ರತಿ ಅಭಯಾರಣ್ಯದ ಸುತ್ತ 10 ಕಿಲೋಮೀಟರ್ ಗೆರೆ ಎಳೆದು ನೋಡಿ, ಎಷ್ಟು ಊರು ಉಳಿಯುತ್ತೆ ಅಂತ. ಅರ್ಜಿ ವರ್ಷಗಟ್ಟಲೆ ಅಲ್ಲಾಡದೆ ಕೂತಿದ್ದರೆ ಡಿ.ಸಿ. ಆಫೀಸನ್ನು ಬೈಯುವ ಮೊದಲು ಇದನ್ನು ವಿಚಾರಿಸಿ.

ಅಡಿಕೆಸೋಗೆ

ಹಾಗಾದರೆ ಕೋವಿ ಇಟ್ಟುಕೊಂಡು ಮಾಡೋದೇನು, ಆಯುಧಪೂಜೆ ದಿನ ಕುಂಕುಮ ಹಚ್ಚೋದಾ?

ಹುಲ್ಲುಬನ್ನಿ

ಸದ್ದು ಮಾಡಿ ಓಡಿಸೋದು, ಹೆಚ್ಚಿನ ಪಾಲು ಅಷ್ಟೇ. ಹಂದಿಗಳು ಅದಕ್ಕೂ ನಾಲ್ಕು ದಿನದಲ್ಲಿ ಒಗ್ಗಿಹೋಗ್ತವೆ, ಅದು ಬೇರೆ ಮಾತು. ಮೈಮೇಲೆ ಬಿದ್ದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಹೊಡೆದರೆ 11(2)ರ ರಕ್ಷಣೆ ಇದೆ, ಆದರೆ ಆಗ ನೀವು ಕಾಯ್ದೆ ಮುರಿಯುವ ಕೆಲಸದಲ್ಲಿ ಇರಬಾರದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಂಡರೆ ಕೇಸು.

ಅನುಮತಿ ಇದ್ದಾಗಲೂ ಸಣ್ಣ ಚರೆ ಹಾಕಿ ದೂರದಿಂದ ಹಂದಿಗೆ ಹೊಡೆಯೋದು ತಪ್ಪು. ಚರೆ ಹರಡಿ ಚರ್ಮಕ್ಕೆ, ಕೊಬ್ಬಿಗೆ ನಾಟಿ ನಿಲ್ಲುತ್ತೆ. ಗಾಯಗೊಂಡ ಹಂದಿ ಪೊದೆ ಸೇರಿ, ಮಾರನೇ ದಿನ ಸೊಪ್ಪಿಗೆ ಹೋದವರ ಮೇಲೆ ಎರಗುತ್ತೆ.

ಕಾವೇರಿಕಣಿವೆ

ಕೊಡಗಿನ ಮಾತು ಬರುವ ಮೊದಲೇ ಬರೆದುಬಿಡ್ತೀನಿ, ಇಲ್ಲಾಂದ್ರೆ "ಕೊಡಗಿನಲ್ಲಿ ಯಾರು ಬೇಕಾದರೂ ಕೋವಿ ಇಟ್ಟುಕೊಳ್ಳಬಹುದು" ಅನ್ನೋ ಹಳೇ ತಪ್ಪು ಮತ್ತೆ ಬರುತ್ತೆ.

ವಿನಾಯಿತಿ ಇರೋದು ಇಬ್ಬರಿಗೆ: ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ. ಜಮ್ಮಾ ಹಿಡುವಳಿದಾರರಲ್ಲಿ ಕೊಡವರಲ್ಲದವರೂ ಇದ್ದಾರೆ. ಇದರ ಬೇರು 1861ರ ಬ್ರಿಟಿಷ್ ಆದೇಶದಲ್ಲಿದೆ. ಸ್ವಾತಂತ್ರ್ಯದ ನಂತರ 1963ರಲ್ಲಿ ಕೇಂದ್ರ ಸರ್ಕಾರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಅಡಿ ಹೊಸದಾಗಿ ಅಧಿಸೂಚನೆ ಹೊರಡಿಸಿತು. ವಿನಾಯಿತಿಗೆ ಮಿತಿಯೂ ಇದೆ: ಒಂದು ರೈಫಲ್, 100 ಗುಂಡು, ಒಂದು ನಯನಳಿಗೆಯ ಕೋವಿ, 500 ತೋಟಾ ಅಥವಾ ಅಷ್ಟಕ್ಕೆ ಸಮನಾದ ಚರೆ, ಮದ್ದು.  2019ರ ಅಕ್ಟೋಬರ್‌ನಲ್ಲಿ ಇದನ್ನು ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿದರು. ಇದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ವಿನಾಯಿತಿ ಪತ್ರ ಜೇಬಲ್ಲಿದೆ ಅಂತ ಕೋವಿ ಹಿಡಿದು ಮೈಸೂರಿನ ಕಡೆ ಗಡಿ ದಾಟುವ ಮೊದಲು ಅಧಿಸೂಚನೆಯ ಷರತ್ತು ಓದಿಕೊಳ್ಳಿ.

ಸಮಪಾಲು

ಮಾಹಿತಿ ಸರಿ. ಆದರೆ ತತ್ವ? ಪಕ್ಕದ ಹಾಸನದ ಬೆಳೆಗಾರನಿಗೆ ಪೊಲೀಸ್ ವರದಿ, ವೈದ್ಯಕೀಯ ಪತ್ರ, ತರಬೇತಿ ಎಲ್ಲ ಬೇಕು. ಗಡಿಯಾಚೆ ಹುಟ್ಟಿನ ಆಧಾರದ ಮೇಲೆ ಅದಷ್ಟೂ ಮನ್ನಾ. ಕೋವಿ ಕೈಗೆ ಬಂದ ಮೇಲೆ ನಿಭಾಯಿಸುವ ಜಾಗ್ರತೆ ಜನಾಂಗದಿಂದ ಬರುತ್ತದೆಯೋ ಕಲಿಕೆಯಿಂದ ಬರುತ್ತದೆಯೋ?

ಕಾವೇರಿಕಣಿವೆ

ಕಲಿಕೆಯಿಂದಲೇ. ಆ ಕಲಿಕೆ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ತಲೆಮಾರಿನಿಂದ ನಡೆದು ಬಂದಿದೆ, ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ತೊಳೆದು ಇಡುವುದೂ ಅದರ ಭಾಗ ಅನ್ನೋದು ವಾದ. ವಿನಾಯಿತಿ ತೆಗೆಯದೆ, ತರಬೇತಿ ಮತ್ತು ಬೀಗದ ಪೆಟ್ಟಿಗೆಯನ್ನು ಅದಕ್ಕೂ ಷರತ್ತಾಗಿ ಸೇರಿಸಿದರೆ ಯಾರ ಗಂಟೂ ಹೋಗಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಕಡತದ ಧೂಳು

ತತ್ವ ಒಂದು ಕಡೆ ಇರಲಿ. ಸಾಮಾನ್ಯ ಮನೆಗಳು ಕೇಸಿಗೆ ಸಿಕ್ಕಿಬೀಳುವ ಜಾಗ ಬೇರೆಯೇ ಇದೆ: ಲೈಸೆನ್ಸ್ ಇದ್ದವರು ತೀರಿಕೊಂಡ ನಂತರ ಅಟ್ಟದ ಮೇಲೆ ಉಳಿಯುವ ಕೋವಿ.

ಲೈಸೆನ್ಸ್ ವ್ಯಕ್ತಿಗೆ ಸೇರಿದ್ದು, ಮನೆಗಲ್ಲ. ಅವರು ಹೋದ ದಿನದಿಂದ ಮನೆಯವರ ಬಳಿ ಇರುವುದು ಲೈಸೆನ್ಸ್ ಇಲ್ಲದ ಕೋವಿ. 2019ರ ನಂತರ ಅದಕ್ಕೆ ಶಿಕ್ಷೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ. ಮೊದಲು ಒಂದರಿಂದ ಮೂರು ಇತ್ತು. ಮಾಡಬೇಕಾದ್ದು ಇಷ್ಟು. 21ನೇ ಕಲಂ ಪ್ರಕಾರ ತಡಮಾಡದೆ ಕೋವಿ, ತೋಟಾ ಎರಡನ್ನೂ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಡಿ. ರಸೀದಿಯಲ್ಲಿ ಕೋವಿಯ ನಂಬರ್, ನಳಿಗೆ ಒಂಟಿಯೋ ಜೋಡಿಯೋ, ತೋಟಾ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಆಮೇಲೆ ಮರಣ ಪ್ರಮಾಣಪತ್ರ, ಹಳೆಯ ಲೈಸೆನ್ಸ್ ಪುಸ್ತಕ, ಉಳಿದ ವಾರಸುದಾರರ ಆಕ್ಷೇಪವಿಲ್ಲದ ಪತ್ರ ಸೇರಿಸಿ ಒಬ್ಬರ ಹೆಸರಿನಲ್ಲಿ ಅರ್ಜಿ. ಅಣ್ಣತಮ್ಮಂದಿರ ನಡುವೆ ಜಮೀನಿನ ವ್ಯಾಜ್ಯ ಇದ್ದರೆ ಆ ಸಹಿ ಸಿಗುವುದೇ ಇಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ.

ಇದಕ್ಕಿಂತ ಒಳ್ಳೆಯ ದಾರಿಯನ್ನು 2016ರ ನಿಯಮಗಳೇ ಕೊಟ್ಟಿವೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು. ಸಹಿ ಹಾಕುವವರು ಎದುರಿಗೇ ಇರುತ್ತಾರೆ. ನವೀಕರಣದ ಅವಧಿ ಈಗ ಐದು ವರ್ಷ ಆಗಿರುವುದರಿಂದ ದಿನಾಂಕ ಮರೆಯುವುದೂ ಹೆಚ್ಚಿದೆ. ಎರಡು ತಿಂಗಳು ಮೊದಲೇ ಅರ್ಜಿ ಹಾಕಿ.

ಸಮಪಾಲು

ಇಷ್ಟೆಲ್ಲ ಲೈಸೆನ್ಸ್ ಇದ್ದವರ ಕಥೆ. ಅಪರಾಧ ಮಾಡುವವರು ಡಿ.ಸಿ. ಆಫೀಸಿಗೆ ಅರ್ಜಿ ಹಾಕುತ್ತಾರೆಯೇ?

ಕಲಂ ಹದಿಮೂರು

ಇಲ್ಲ. ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಶೋಧನಾ ಸಂಸ್ಥೆಯ 2017ರ ಅಂದಾಜಿನಲ್ಲಿ ಭಾರತದ ನಾಗರಿಕರ ಬಳಿ ಸುಮಾರು 7.11 ಕೋಟಿ ಕೋವಿಗಳಿವೆ, ನೋಂದಣಿಯಾದವು ಸುಮಾರು 97 ಲಕ್ಷ. ಅಂದಾಜು ಅಂದಾಜೇ, ಆದರೆ ಅಂತರ ನೋಡಿ. 2023ರಲ್ಲಿ ಸುಪ್ರೀಂ ಕೋರ್ಟ್ ಲೈಸೆನ್ಸ್ ಇಲ್ಲದ ಆಯುಧಗಳ ಬಗ್ಗೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿದ್ದೂ ಇದಕ್ಕೇ. ಅಕ್ರಮ ತಯಾರಿಕೆ, ಮಾರಾಟಕ್ಕೆ 2019ರ ತಿದ್ದುಪಡಿ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತು. ಕಾಗದದ ಮೇಲೆ ಇದಕ್ಕಿಂತ ಬಿಗಿ ಇನ್ನೇನು ಮಾಡುತ್ತೀರಿ?

ಜೋಡಿನಳಿಗೆ

ಮಾಡೋಕೆ ಒಂದಿದೆ. ನಾಡ ಪಿಸ್ತೂಲು ತಯಾರಿಸೋದು ಸುಲಭ, ತೋಟಾ ತಯಾರಿಸೋದು ಕಷ್ಟ. ಕಳ್ಳಕೋವಿಗೂ ಹೆಚ್ಚಾಗಿ ಬೇಕಾಗೋದು ಕಾರ್ಖಾನೆಯ ತೋಟಾನೇ. ಅದು ಎಲ್ಲೋ ಒಂದು ಲೈಸೆನ್ಸ್ ಪುಸ್ತಕದ ಲೆಕ್ಕದಿಂದ ಜಾರಿರುತ್ತೆ: ಅಂಗಡಿಯ ದಾಸ್ತಾನು ಪುಸ್ತಕ, ಇಲ್ಲಾ ವರ್ಷಕ್ಕೆ ಇಷ್ಟು ಅಂತ ಅನುಮತಿ ಇದ್ದು ಒಂದೂ ಹಾರಿಸದವರ ಪಾಲು. ಕೋವಿಗೆ ವಿಶಿಷ್ಟ ಗುರುತಿನ ಸಂಖ್ಯೆ ಕೊಟ್ಟು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿಸಿದ್ದಾಯಿತು. ತೋಟಾದ ಲೆಕ್ಕವನ್ನೂ ಅದೇ ಸಂಖ್ಯೆಗೆ ಕಟ್ಟಿ, ನವೀಕರಣದ ದಿನ ಕೊಂಡದ್ದೆಷ್ಟು, ಉಳಿದದ್ದೆಷ್ಟು, ಖಾಲಿ ಕವಚ ಎಷ್ಟು ಅಂತ ಎಣಿಸಿ ತಾಳೆ ನೋಡಲಿ. ಬಿಗಿಯಬೇಕಾದ ತಿರುಪು ಅದು. ಮೂರನ್ನು ಎರಡು ಮಾಡೋದರಿಂದ ಕಳ್ಳಕೋವಿಗೆ ಒಂದು ತೋಟಾವೂ ಕಡಿಮೆಯಾಗಲ್ಲ.

ಹುಲ್ಲುಬನ್ನಿ

ಮನೆಯೊಳಗೆ ಬೀಗ ಹಾಕಿಡೋದನ್ನೂ ಸೇರಿಸಿ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡು ಬೀಗ. ಕೋಪ, ಕುಡಿತ, ಹತಾಶೆಯ ಹೊತ್ತಿಗೆ ಎರಡು ಕೀಲಿ ಹುಡುಕೋ ಐದು ನಿಮಿಷವೇ ಜೀವ ಉಳಿಸುತ್ತೆ. ಮುಚ್ಚಳಿಕೆ ಬರೆಸಿಕೊಳ್ತಾರೆ, ಕಪಾಟು ನೋಡೋಕೆ ಬರೋರು ಕಡಿಮೆ.

ಜೋಡಿನಳಿಗೆ

ಹೌದು. ಅದೇ ಕಪಾಟಿನಲ್ಲಿ ಬೇರೆ ಬೇರೆ ಬೋರಿನ (ನಳಿಗೆಯ ಅಳತೆಯ) ತೋಟಾ ಬೆರೆಸಿಡಬೇಡಿ. 20 ಬೋರಿನ ತೋಟಾ 12 ಬೋರಿನ ಕೋವಿಗೆ ಹಾಕಿದರೆ ಹಿಂಭಾಗದಲ್ಲಿ ನಿಲ್ಲಲ್ಲ, ಜಾರಿ ನಳಿಗೆಯೊಳಗೆ ಮುಂದೆ ಸಿಕ್ಕಿಕೊಳ್ಳುತ್ತೆ. ಟ್ರಿಗರ್ ಎಳೆದರೆ ಏನೂ ಆಗಲ್ಲ. "ಹಾಕೋದೇ ಮರೆತೆ" ಅಂತ ಹಿಂದೆ ಇನ್ನೊಂದು 12ರ ತೋಟಾ ಹಾಕಿ ಹಾರಿಸಿದರೆ ನಳಿಗೆ ಕೈಯಲ್ಲೇ ಸಿಡಿಯುತ್ತೆ. 20 ಬೋರಿನ ತೋಟಾ ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿ ಬರೋದು ಇದೇ ಕಾರಣಕ್ಕೆ. ಹಾಗೇ ತೋಟಾ ಕೂರೋ ಜಾಗ 65 ಮಿಲಿಮೀಟರ್ ಇರೋ ಹಳೆಯ ಕೋವಿಗೆ 70ರ ತೋಟಾ ಹಿಡಿಸುತ್ತೆ ಅಂತ ಹಾಕಬೇಡಿ. ಹಾರಿದಾಗ ತೋಟಾದ ಬಾಯಿಯ ಮಡಿಕೆ ಬಿಚ್ಚಿಕೊಳ್ಳೋಕೆ ಒಳಗೆ ಜಾಗ ಸಾಲದೆ ಒತ್ತಡ ಏರುತ್ತೆ.

ಅಡಿಕೆಸೋಗೆ

ಏರ್‌ಗನ್‌ಗೆ ಲೈಸೆನ್ಸ್ ಬೇಕಾ ಅಂತ ತುಂಬಾ ಜನ ಕೇಳ್ತಾರೆ, ಒಂದು ಸಾಲಲ್ಲಿ ಹೇಳಿಬಿಡಿ.

ಕಲಂ ಹದಿಮೂರು

ಬೋರು 0.177 ಇಂಚು ಮೀರಿದರೆ ಅಥವಾ ಶಕ್ತಿ 20 ಜೂಲ್ ಮೀರಿದರೆ ಬೇಕು, ಅದರೊಳಗಿದ್ದರೆ ಬೇಡ. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಮಂಗನಿಗೆ, ಹಕ್ಕಿಗೆ ಹೊಡೆಯಬಹುದು ಎಂದಲ್ಲ. ಮೇಲೆ ಹುಲ್ಲುಬನ್ನಿ ಹೇಳಿದ ಕಾಯ್ದೆ ಅಲ್ಲಿಗೂ ಅನ್ವಯ.

ಅಡಿಕೆಸೋಗೆ

ಕೊನೆಯದು. ಚುನಾವಣೆ ಬಂದಾಗೆಲ್ಲ ಎಲ್ಲರೂ ಕೋವಿ ತಂದು ಒಪ್ಪಿಸಿ ಅಂತ ಠಾಣೆಯಿಂದ ಹೇಳಿಕಳಿಸ್ತಾರೆ. ತೋಟಕ್ಕೆ ಹಂದಿ ನುಗ್ಗೋ ಕಾಲದಲ್ಲೇ ಕೋವಿ ಇರಲ್ಲ. ಇದು ಕಡ್ಡಾಯವೇ?

ಕಡತದ ಧೂಳು

ಸಾರಾಸಗಟಾಗಿ ಎಲ್ಲರದ್ದೂ ಅಲ್ಲ. ಚುನಾವಣಾ ಆಯೋಗದ ಸೂಚನೆಯಂತೆ ಡಿ.ಸಿ., ಎಸ್.ಪಿ. ಇರುವ ಪರಿಶೀಲನಾ ಸಮಿತಿ ಪ್ರತಿ ಲೈಸೆನ್ಸ್ ನೋಡಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಹೆಸರಿದ್ದವರನ್ನು ಆರಿಸಿ ಠೇವಣಿ ಇಡಿಸಬೇಕು. ವಿನಾಯಿತಿ ಬೇಕಾದವರು ಬೆಳೆ, ಕಾಡಂಚು, ಒಂಟಿಮನೆ ಎಂಬ ಕಾರಣ ಬರೆದು ಸಮಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನಲ್ಲಿ ಠಾಣೆಯಲ್ಲಿ ವಾದ ಮಾಡಿ ಉಪಯೋಗವಿಲ್ಲ. ಒಪ್ಪಿಸುವುದೇ ಆದರೆ ಖಾಲಿ ಮಾಡಿ, ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ಬಟ್ಟೆಯ ಚೀಲದಲ್ಲಿ ಹಾಕಿ, ಲೈಸೆನ್ಸ್ ನಂಬರಿನ ಚೀಟಿ ಕಟ್ಟಿ ಕೊಡಿ. ಠಾಣೆಯಲ್ಲಿ ಇವನ್ನೆಲ್ಲ ಇಡುವ ಮಾಲುಕೋಣೆಯ ನೆಲ ತೇವವಾಗಿರುತ್ತದೆ.

ಜೋಡಿನಳಿಗೆ

ನಳಿಗೆಯ ಬಾಯಿಗೆ ಬಟ್ಟೆ ತುರುಕಿ ಮಾತ್ರ ಕೊಡಬೇಡಿ, ತೆಗೆಯೋದು ಮರೆತೇಹೋಗುತ್ತೆ. ಹೊರಗಿಂದ ಸುತ್ತಿ ಕಟ್ಟಿ, ಕಣ್ಣಿಗೆ ಕಾಣೋ ಹಾಗೆ. ವಾಪಸ್ ಬಂದ ದಿನ ಮೊದಲು ಮಡಚಿ, ನಳಿಗೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಎರಡು ತಿಂಗಳು ಮೂಲೆಯಲ್ಲಿ ನಿಂತ ಕೋವಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತೆ. ಬೆಳಕು ಪೂರ್ತಿ ದುಂಡಗೆ ಕಾಣದಿದ್ದರೆ ಗಜಕ್ಕೆ ಬಟ್ಟೆ ಸುತ್ತಿ ಹಿಂದಿನಿಂದ ತಳ್ಳಿ ತೆಗೆಯಿರಿ. ಹಾರಿಸಿದರೆ ಹೋಗುತ್ತೆ ಅಂದುಕೊಂಡರೆ ನಳಿಗೆಯೂ ಅದರ ಜೊತೆಗೇ ಹೋಗುತ್ತೆ.